ದೀಪ ಹಚ್ಚಿದ ಮೇಲಿನ ಮಾತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವರಿಗೆ ಸಂಜೆ ಟ್ಯೂಷನ್ ಹೇಳುತ್ತಿದ್ದೆ. ನನಗಿದ್ದದ್ದು ಒಂದೇ ವಿದ್ಯೆ. ಒಂದು ಪದದ ನಾಮಪದ, ಕ್ರಿಯಾಪದ, ಗುಣವಾಚಕ ಮೂರನ್ನೂ ಬೆತ್ತದಿಂದ ಮೇಜು ಕುಟ್ಟುತ್ತಾ ಸೂರು ಹಾರುವಂತೆ ಕೂಗಿಸುವುದು. ಅರ್ಥ ಆಮೇಲೆ.

ಕೆಳಗಿನ ಮನೆಯಲ್ಲಿ ಯಜಮಾನರು ಲಕ್ವ ಹೊಡೆದು ಮಲಗಿದ್ದರು. ಒಂದು ಕಾಲಕ್ಕೆ ಮಂಡಕ್ಕಿ ಭಟ್ಟಿ ನಡೆಸಿದ ಗಟ್ಟಿ ದನಿಯ ಮನುಷ್ಯ. ಈಗ ಮಾತೇ ಇಲ್ಲ. ಅವರು ಇನ್ನೊಂದು ಸಲ ಬಾಯಿಬಿಟ್ಟು ಏನಾದರೂ ಅನ್ನಲಿ ಎಂಬುದೊಂದೇ ಅವರ ಹೆಂಡತಿಯ ಹಂಬಲ. ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಕೆಟ್ಟ ಮಾತು ಆಡುವಂತಿರಲಿಲ್ಲ. ಅಕ್ಕಿ ತೀರಿದರೆ 'ಹೆಚ್ಚಾಗೈತೆ', ದೀಪ ಆರಿದರೆ 'ದೊಡ್ಡದಾತು'. ನಾನೊಮ್ಮೆ ನಲ್ಲಿಯಲ್ಲಿ ನೀರಿಲ್ಲ ಅಂದದ್ದಕ್ಕೆ, "ಮುಸ್ಸಂಜಿ ಹೊತ್ನಾಗ ಇಲ್ಲ ಅನ್ನಬ್ಯಾಡ್ರಿ ಮೇಷ್ಟ್ರೆ, ಅಸ್ತು ದೇವತೆಗಳು ಕೇಳಿಸ್ಕೊಂತಾರೆ" ಎಂದು ಆಕೆ ಗದರಿದ್ದರು. ನಾನು ಹಲ್ಲು ಬಿಟ್ಟಿದ್ದೆ. ಓದಿದ ಸೊಕ್ಕು.

ಆ ವಾರ ಕೂಗಿಸುತ್ತಿದ್ದ ಪದ ಸಾವು. ಡೆತ್, ಡೈ, ಡೆಡ್. ಹುಡುಗರ ತಲೆಗೆ ಹತ್ತಲಿಲ್ಲವೆಂದು ಮೂರು ಸಂಜೆ ಅದನ್ನೇ ಹಿಡಿದು ಕೂಗಿಸಿದೆ. ಮೂರನೆಯ ಸಂಜೆ ಹುಡುಗರು ಸುಮ್ಮನಾದ ಮೇಲೂ ಕೆಳಗಿನಿಂದ ಒಂದು ದನಿ ಬಂತು: "ಡೆಡ್."

ಆಕೆ ಅಳುತ್ತಾ ನಗುತ್ತಾ ಮೆಟ್ಟಿಲು ಹತ್ತಿ ಬಂದರು. "ಬರ್ರಿ ಮೇಷ್ಟ್ರೆ, ಯಜಮಾನ್ರು ಮಾತಾಡಿದ್ರು!"

ಇಳಿದು ಹೋದೆ. ಯಜಮಾನರು ಸೂರು ನೋಡುತ್ತಾ ಮೂರೂ ಪದಗಳನ್ನು ಸಾಲಾಗಿ ಹೇಳಿದರು. ನಾನು ಬೆತ್ತ ಕುಟ್ಟುವಲ್ಲಿ ಸರಿಯಾಗಿ ನಿಲ್ಲಿಸಿ, ನನ್ನದೇ ರಾಗದಲ್ಲಿ.

"ಏನಂತಾರ್ರೀ?" ಆಕೆ ನನ್ನ ಬಾಯನ್ನೇ ನೋಡುತ್ತಿದ್ದರು. ದೇವರ ಮುಂದೆ ದೀಪ ಉರಿಯುತ್ತಿತ್ತು.

"ಆರಾಮಾಗ್ತೀನಿ ಅಂತಾರಮ್ಮ" ಎಂದುಬಿಟ್ಟೆ.

ಮರುದಿನವೇ ಪದ ಬದಲಿಸಿದೆ. ಲೈಫ್, ಲಿವ್, ಅಲೈವ್ ಎಂದು ಗಂಟಲು ಹರಿಯುವಂತೆ ಕೂಗಿಸಿದೆ. ಕೆಳಗಿನಿಂದ ಬರುತ್ತಿದ್ದದ್ದು ಹಳೆಯ ಮೂರೇ. ಅಷ್ಟೇ ಅಲ್ಲ, ಈಗ ದನಿ ಎರಡಾಗಿದ್ದವು. ಮುಸ್ಸಂಜೆಯಲ್ಲಿ 'ಇಲ್ಲ' ಎನ್ನದ ಆ ಹೆಂಗಸು ಗಂಡನ ಜೊಲ್ಲು ಒರೆಸುತ್ತಾ, "ಡೈ ಅನ್ರಿ, ಹಾಂ, ಡೆಡ್ ಅನ್ರಿ" ಎಂದು ಮಗುವಿಗೆ ಕಲಿಸಿದಂತೆ ಹೇಳಿಕೊಡುತ್ತಿದ್ದರು.

ಶನಿವಾರ ಹರಿಹರಕ್ಕೆ, ನಮ್ಮ ಮನೆಗೆ ಹೋದವನು ಅವ್ವನಿಗೆ ಎಲ್ಲಾ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಆಯಮ್ಮನ ಬಾಯಾಗ ಆ ಮಾತು ಇಟ್ಟೋನು ನೀನು. ನೀನೇ ಹೋಗಿ ತೆಗಿ."

ನಿಜ ಹೇಳಿಯೇಬಿಡುವುದೆಂದು ಸೋಮವಾರ ಬೆಳಗಿನ ಮೊದಲ ಬಸ್ಸು ಹಿಡಿದೆ. ಮನೆಯ ಮುಂದೆ ಜನ ಸೇರಿದ್ದರು. ಯಜಮಾನರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬಾ ವಿಭೂತಿ ಬಳಿದು, ಮೂಗಿಗೆ ಹತ್ತಿ ಇಟ್ಟಿದ್ದರು. ಆಕೆ ಅವರ ಕಿವಿಯ ಹತ್ತಿರ ಬಗ್ಗಿ ಏನೋ ಅನ್ನುತ್ತಿದ್ದರು. ನನ್ನನ್ನು ಕಂಡದ್ದೇ ಕೈಹಿಡಿದು ಎಳೆದು ಕೂರಿಸಿದರು.

"ನಸುಕಿನಿಂದ ಹೇಳಾಕ ಹತ್ತೀನಿ, ಒಂದ್ಸಲನೂ ಅನ್ನವಲ್ರು. ನೀವು ಹೇಳ್ರಿ ಮೇಷ್ಟ್ರೆ. ನಿಮ್ಮ ದನಿಗೆ ಅಂತಾರೆ."

ಬಗ್ಗಿ ಮೂರನ್ನೂ ಹೇಳಿದೆ. ಹೇಳಿ, ಮೇಷ್ಟ್ರ ಚಾಳಿ, ಅವರು ಅನ್ನಲಿ ಎಂದು ಕಾದೆ.