ಲಾಳಿ ಎಳೆಯುವ ಕೈ

ಬಲಗಂಕುಳಲ್ಲಿ ಒಂದು ಗಂಟು. ಶೇಂಗಾ ಬೀಜದಷ್ಟು. ಸ್ನಾನ ಮಾಡುವಾಗ ಸೋಪಿನ ಕೈಗೆ ಸಿಕ್ಕಿತು.

ನೋವಿರಲಿಲ್ಲ. ನೋವಾದರೂ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನೋವು ಅಂದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ. ಗಂಟು ಅಂದರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಮನೆಗೊಂದು ರೇಷ್ಮೆ ಮಗ್ಗ. ಎಡಗೈ ಹಲಗೆ ಬಡಿಯುತ್ತದೆ, ಬಲಗೈ ಲಾಳಿಯ ಹಗ್ಗ ಜಗ್ಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದೇ. ಜಗ್ಗಿ ಜಗ್ಗಿ ಹೆಗಲು ಹಿಡಿದುಕೊಳ್ಳುವುದು, ಕಂಕುಳು ಬಾತುಕೊಳ್ಳುವುದು ಇಲ್ಲಿ ಯಾರಿಗೂ ಹೊಸದಲ್ಲ. ಅದಕ್ಕೆ ‘ಮಗ್ಗದ ಗಂಟು’ ಎಂಬ ಹೆಸರೇ ಇದೆ. ಮದ್ದೂ ಇದೆ, ಹರಳೆಣ್ಣೆ ಬಿಸಿ ಮಾಡಿ ತಿಕ್ಕುವುದು. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಎಣ್ಣೆಯ ಬಟ್ಟಲು ಮಗ್ಗದ ಪಕ್ಕದ ಗೂಡಿನಲ್ಲೇ ಇದೆ.

ನಮ್ಮತ್ತೆ ರಾಯದುರ್ಗದ ಕಡೆಯವರು. ಸಿಟ್ಟು ಬಂದರೂ ತೆಲುಗು, ಪ್ರೀತಿ ಬಂದರೂ ತೆಲುಗು. “ಇಟು ರಾ ತಲ್ಲೀ” ಎಂದು ಹತ್ತಿರ ಕರೆದು, ಕೈ ಎತ್ತಿಸಿ, ಚಳಿಗಾಲವೆಲ್ಲ ತಿಕ್ಕಿದರು. ನನಗೆ ಅದು ಹಿತವಾಗಿಯೇ ಇತ್ತು. ಸೊಸೆಯ ಮೈ ಮುಟ್ಟಿ ಉಪಚಾರ ಮಾಡುವ ಅತ್ತೆ ಎಷ್ಟು ಮನೆಯಲ್ಲಿ ಇದ್ದಾರೆ ಹೇಳಿ?

ಗಂಟು ಕರಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ತೋಳು ಊದಿತು, ಬಳೆ ಕೈಗೆ ಕಚ್ಚಿಕೊಂಡು ನಿಂತವು. ಆಗ ಯಜಮಾನರು ಮಗ್ಗ ನಿಲ್ಲಿಸಿ ನನ್ನನ್ನು ಚಳ್ಳಕೆರೆಗೆ ಕರೆದುಕೊಂಡು ಹೋದರು.

ಅಲ್ಲಿ ಲೇಡಿ ಡಾಕ್ಟರ್ ಇದ್ದರು. ಕಂಕುಳು ಮುಟ್ಟಿ ನೋಡಿದರು.

“ಎಷ್ಟು ದಿನದಿಂದ ಇದೆ?”

“ಇದು ಮಗ್ಗದ್ದು ಮೇಡಂ. ಕೈ ಜಗ್ಗಿ ಜಗ್ಗಿ ಬಂದಿರೋದು.”

ಅವರು ಕರ್ಟನ್ ಎಳೆದು, ಬ್ಲೌಸ್ ಬಿಚ್ಚಲು ಹೇಳಿದರು. ಕಂಕುಳಿನ ಗಂಟಿಗೆ ಎದೆಯನ್ನು ಯಾಕೆ ನೋಡುತ್ತಾರೆ ಎಂದು ನನಗೆ ಮುಜುಗರವೂ ಆಯಿತು, ಸಿಟ್ಟೂ ಬಂತು. ಅವರ ಬೆರಳು ಒಂದು ಕಡೆ ನಿಂತಿತು. ಅಲ್ಲೇ ಮತ್ತೆ ಮತ್ತೆ ಒತ್ತಿದರು. ಒಳಗೆ ಎಲ್ಲೋ ಒಂದು ಸಣ್ಣ ಕಲ್ಲು ಇತ್ತು. ನನ್ನ ಮೈಯಲ್ಲೇ ಇದ್ದದ್ದು, ನನಗೇ ಗೊತ್ತಿರಲಿಲ್ಲ.

ದಾವಣಗೆರೆಯಲ್ಲಿ ಮ್ಯಾಮೊಗ್ರಾಮ್, ಬಯಾಪ್ಸಿ, ಸ್ಕ್ಯಾನ್ ಆಯಿತು.

ಬ್ರೆಸ್ಟ್ ಕ್ಯಾನ್ಸರ್. ಲಿವರ್‌ಗೂ ಹೋಗಿದೆ ಎಂದರು.

ಯಜಮಾನರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಅವರ ಪಕ್ಕ ಕೂತೆ. ಮಗ್ಗದಲ್ಲಿ ಅರ್ಧ ನೇಯ್ದು ಬಿಟ್ಟ ಸೀರೆ ಇತ್ತು. ಧೂಳು ಕೂರದ ಹಾಗೆ ಮೇಲೆ ಬಟ್ಟೆ ಹಾಕಿ ಬಂದಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅಂಥ ಹೊತ್ತಿನಲ್ಲಿ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ.

ಕೀಮೋ ಶುರುವಾಯಿತು. ಕೂದಲು ಹೋಯಿತು, ನಾಲಗೆಯ ರುಚಿ ಹೋಯಿತು. ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾನು ಹಿತ್ತಲಿಗೆ ಓಡುತ್ತಿದ್ದೆ. ಅತ್ತೆ ಒಗ್ಗರಣೆಯನ್ನೇ ಬಿಟ್ಟರು. ಗೂಡಿನಲ್ಲಿದ್ದ ಎಣ್ಣೆ ಬಟ್ಟಲನ್ನು ಯಾವಾಗ ತೆಗೆದು ಎಲ್ಲಿಟ್ಟರೋ ತಿಳಿಯದು. ಆಮೇಲೆ ಅವರು ನನ್ನ ಬಲಗೈಯನ್ನು ನೇರವಾಗಿ ನೋಡಿದ್ದೇ ಇಲ್ಲ.

ನನಗೆ ಒಬ್ಬಳೇ ಮಗಳು, ತೇಜು. ಚಳ್ಳಕೆರೆಯಲ್ಲಿ ಮೊದಲ ಪಿಯುಸಿ ಸೈನ್ಸ್ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಅವಳ ಫೋನಿಗೆ ಕರೆ ಬಂತು. ಮಾತಾಡಿ ಮುಗಿಸಿದವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಬೆಂಗಳೂರಲ್ಲಿ ಬೇಸಿಗೆ ಟ್ರೇನಿಂಗ್ ಐತವ್ವಾ. ಹೈಸ್ಕೂಲು, ಪಿಯುಸಿ ಹುಡುಗರಿಗೆ. ಲ್ಯಾಬಲ್ಲಿ ಸೈಂಟಿಸ್ಟ್‌ಗಳ ಜೊತೆ ಕೆಲಸ ಮಾಡಬೇಕು. ನಮ್ಮ ಲೆಕ್ಚರರು ಅಪ್ಲೈ ಮಾಡು ಅಂದ್ರು, ಮಾಡಿದ್ದೆ. ಸೆಲೆಕ್ಟ್ ಆಗೀನಿ.”

“ಯಾವುದರ ಟ್ರೇನಿಂಗು?”

ಅವಳು ಅಜ್ಜಿಯ ಕಡೆ ನೋಡಿದಳು. “ಕ್ಯಾನ್ಸರ್ ರಿಸರ್ಚು.”

ಅತ್ತೆಯ ಕೈಯಲ್ಲಿದ್ದ ಮೊರ ಕೆಳಗೆ ಬಂತು. “ಮನೇಲಿ ಇಟ್ಕೊಂಡಿದ್ದು ಸಾಲ್ದು ಅಂತ ಬೇರೆ ಊರಿಗೆ ಹೋಗಿ ನೋಡ್ತೀಯಾ? ಅಯ್ಯೋ ತಲ್ಲೀ, ನಿಮ್ಮವ್ವನ ಹತ್ರ ಕೂತ್ಕೊಳೇ!”

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೂ ಒಳಗೆ ಅದೇ ಆಸೆ. ಬೇಸಿಗೆ ರಜೆಯೆಲ್ಲ ಮಗಳು ಕಣ್ಣ ಮುಂದಿರಲಿ, ನನ್ನ ಮಂಚದ ಪಕ್ಕ ಓದುತ್ತಿರಲಿ, ಜಗಳವಾಡಲಿ. ಇನ್ನೊಂದು ಬೇಸಿಗೆ ನನಗೆ ಸಿಗುವುದೋ ಇಲ್ಲವೋ ಯಾರಿಗೆ ಗೊತ್ತು?

ಮುಂದಿನ ಕೀಮೋಗೆ ಹೋದಾಗ ದಾವಣಗೆರೆ ಡಾಕ್ಟರನ್ನು ಕೇಳಿಯೇಬಿಟ್ಟೆ. ಮಗಳನ್ನು ಬೇಸಿಗೆ ಮುಗಿಯುವವರೆಗೆ ಕಳಿಸಬಹುದಾ ಎಂದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದರು.

“ಕಳಿಸಿ ಅಮ್ಮಾ. ಫೋನ್ ಮಾತ್ರ ಯಾವಾಗ್ಲೂ ಹತ್ರ ಇಟ್ಕೊಳ್ಳಲಿ.”

ಆ ಮಾತಿನ ಎರಡನೇ ಭಾಗವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ತೇಜು ಹೊರಟಳು. ಬಸ್ಸು ಹತ್ತುವಾಗ ಇಬ್ಬರೂ ಗಟ್ಟಿಯಾಗಿಯೇ ಇದ್ದೆವು. ಬಸ್ಸು ಬಿ.ಜಿ. ಕೆರೆ ದಾಟುವವರೆಗೂ ಅಳುತ್ತಲೇ ಇದ್ದೆ ಎಂದು ಆಮೇಲೆ ಹೇಳಿದಳು. ನಾನೆಷ್ಟು ಅತ್ತೆನೆಂದು ಅವಳಿಗೆ ಹೇಳಿಲ್ಲ.

ಸಂಜೆ ಫೋನ್ ಮಾಡುತ್ತಿದ್ದಳು. ಹಾಸ್ಟೆಲ್ ಸಾಂಬಾರು ಸಿಹಿಯೆಂದು ದೂರುವುದು, ಜೊತೆಗಿದ್ದ ಪಟ್ಟಣದ ಮಕ್ಕಳು ಫಟಫಟ ಇಂಗ್ಲಿಷ್ ಮಾತಾಡುತ್ತಾರೆಂದು ಗೊಣಗುವುದು. ಲ್ಯಾಬಿನ ಸುದ್ದಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ನಾನೇ ಕೆದಕಿದೆ.

“ಮೈಕ್ರೋಸ್ಕೋಪಲ್ಲಿ ತೋರಿಸಿದ್ರಾ, ನಮ್ಮ ಈ ಕಾಯಿಲೇನ?”

“ತೋರಿಸಿದ್ರವ್ವಾ.”

“ಹೆಂಗೈತೆ?”

“ಚೆಂದ ಐತೆ. ಕಾಣ್ಲಿ ಅಂತ ಬಣ್ಣ ಹಾಕಿರ್ತಾರೆ. ನೇರಳೆ, ಗುಲಾಬಿ. ಥೇಟ್ ನಮ್ಮ ಸೀರೆ ಬಣ್ಣ. ಅದಕ್ಕೇ ನಂಗೆ ಸಿಟ್ಟು ಬಂತು.”

ನನಗೆ ನಗು ಬಂತು. ಇಷ್ಟು ಕಾಟ ಕೊಡುವುದು ಕೊನೆಗೆ ಮೊಳಕಾಲ್ಮೂರು ಸೀರೆ ಉಟ್ಟು ಕೂತಿದೆಯೇ! ನಕ್ಕು ನಕ್ಕು ಕೆಮ್ಮು ಬಂತು. ಆಚೆ ಕಡೆ ಅವಳೂ ನಕ್ಕಳು. ಆ ದಿನ ಚೆನ್ನಾಗಿತ್ತು.

ಮತ್ತೊಂದು ದಿನ ಅಳುತ್ತಲೇ ಫೋನ್ ಮಾಡಿದಳು. ಕ್ಲಾಸಿನಲ್ಲಿ ಚಿತ್ರ ಹಾಕಿ ತೋರಿಸಿದರಂತೆ. ಎದೆಯಲ್ಲಿ ಹುಟ್ಟಿದ್ದು ಹೊರಗೆ ಹೊರಟರೆ ಸಾಮಾನ್ಯವಾಗಿ ಮೊದಲು ಇಳಿಯುವ ಜಾಗ ಕಂಕುಳು.

“ಅದು ಮಗ್ಗದ ಗಂಟಲ್ಲವ್ವಾ. ಅಲ್ಲಿ ಹುಟ್ಟಿದ್ದೂ ಅಲ್ಲ. ಬಂದು ಸೇರಿದ್ದು. ಎಣ್ಣೆ ತಿಕ್ಕೋವಾಗ್ಲೇ ಅದು ಬಂದಾಗಿತ್ತು.”

ಅತ್ತೆಗೆ ಕೇಳಿಸಿತೇ ಎಂದು ನೋಡಿದೆ. ಇಲ್ಲ, ಹಿತ್ತಲಲ್ಲಿದ್ದರು.

ಕೊನೆಯ ವಾರ ಪ್ರತಿ ವಿದ್ಯಾರ್ಥಿಯೂ ಎಲ್ಲರ ಮುಂದೆ ಒಂದು ವಿಷಯ ಮಾತಾಡಬೇಕಂತೆ. ನಿನ್ನ ವಿಷಯ ಹೇಳಲಾ ಎಂದು ಕೇಳಿದಳು. ನನ್ನ ಕಂಕುಳನ್ನು ಬೆಂಗಳೂರಿಗೆಲ್ಲ ತೋರಿಸುತ್ತೀಯಾ ಎಂದು ಬೈದು ಫೋನ್ ಇಟ್ಟೆ. ಮರುದಿನ ಎದುರು ಮನೆಯ ಭಾಗ್ಯ ಮಾತಾಡಿಸಲು ಬಂದಳು. ನನಗಿಂತ ಚಿಕ್ಕವಳು, ಅವಳೂ ನೇಯುತ್ತಾಳೆ. ಹತ್ತಿರ ಕೂತಾಗ ಹರಳೆಣ್ಣೆಯ ವಾಸನೆ ಬಂತು.

ಅವಳು ಹೋದ ಕೂಡಲೇ ಮಗಳಿಗೆ ಫೋನ್ ಮಾಡಿದೆ. “ಅಲ್ಲೂ ಹೇಳು. ಆದ್ರೆ ಬಂದ ಮೇಲೆ ಇಲ್ಲೂ ಹೇಳಬೇಕು. ಈ ಬೀದೀಗೆ.”

ಅದೇ ವಾರ ದಾವಣಗೆರೆಯಲ್ಲಿ ಕೀಮೋ ನಿಲ್ಲಿಸಿದರು. ಇನ್ನು ಅದರಿಂದ ಪ್ರಯೋಜನವಿಲ್ಲ, ನೋವು ಕಡಿಮೆ ಮಾಡುವುದನ್ನು ನೋಡೋಣ ಎಂದರು. ತೇಜುಗೆ ಹೇಳಬೇಡಿ ಎಂದು ಯಜಮಾನರಿಂದ ಮಾತು ತೆಗೆದುಕೊಂಡೆ.

ಟ್ರೇನಿಂಗ್ ಮುಗಿಸಿ ಬಂದವಳು ನನ್ನನ್ನು ನೋಡಿದ ತಕ್ಷಣ ಬ್ಯಾಗು ಇಳಿಸುವುದನ್ನೂ ಮರೆತಳು.

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬಂದ್ಬಿಡ್ತಿದ್ದೆ.”

“ಬರ್ತಿದ್ದೆ!”

“ಅದಕ್ಕೇ.”

ಎರಡು ದಿನ ಮಾತು ಬಿಟ್ಟಳು. ಊಟ ತಂದಿಡುವಳು, ಮಾತ್ರೆ ಕೊಡುವಳು, ಅಷ್ಟೇ. ಮೂರನೆಯ ದಿನ ಬೀದಿಯ ಹೆಂಗಸರನ್ನೆಲ್ಲ ತಾನೇ ಕರೆದು ಬಂದಳು.

ಗಂಡಸರನ್ನು ಹೊರಗೆ ಕಳಿಸಿದೆವು. ಮಗ್ಗದ ಮನೆಯಲ್ಲೇ ಎಲ್ಲರೂ ಕೂತರು. ತೇಜು ಹೇಳುತ್ತಿದ್ದಳು, ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಎದೆ, ಕಂಕುಳ ಮೇಲೆ ಮೂರು ಬೆರಳು ಚಪ್ಪಟೆಯಾಗಿಟ್ಟು ಹೀಗೆ ಸುತ್ತಿಸಿ ನೋಡಬೇಕು ಎಂದು ತೋರಿಸಿದಳು. ಒಬ್ಬರೂ ಕೈ ಎತ್ತಲಿಲ್ಲ. ಅವಳ ಮುಖ ಸಣ್ಣಗಾಯಿತು.

“ಮೊದ್ಲು ನಂದು ಮುಟ್ರಿ,” ಎಂದೆ.

ತೋಳು ಮೇಲೆತ್ತಲು ನನಗೆ ಆಗುತ್ತಿರಲಿಲ್ಲ. ಅತ್ತೆ ಎದ್ದು ಬಂದು ಆ ಊದಿದ ಕೈಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅಷ್ಟು ತಿಂಗಳ ಮೇಲೆ ಅವರು ಅದನ್ನು ಮುಟ್ಟಿದ್ದು ಅವತ್ತೇ. “ನಾನೇ ತಿಕ್ಕಿದ್ದು ಕಣ್ರೇ. ಮಗ್ಗದ್ದು ಅಂತ ತಿಕ್ಕಿದೆ,” ಎಂದರು. ನಗು ನಿಂತಿತು. ಒಬ್ಬೊಬ್ಬರೇ ಬಂದು ಮುಟ್ಟಿದರು. ಕಟ್ಟಕಡೆಗೆ ಭಾಗ್ಯ ಬಂದಳು. ಮುಟ್ಟಿದವಳು ನೇರ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾ, ನಂಗೂ ಒಂದು ಗಂಟು ಐತೆ.”

ತೇಜುವೇ ಅವಳ ಜೊತೆ ಚಳ್ಳಕೆರೆಗೆ ಹೋದಳು. ಪರೀಕ್ಷೆಗಳೆಲ್ಲ ಆದವು. ಬರೀ ಬಾವು, ಮಾತ್ರೆಗೆ ಹೋಗುತ್ತದೆ ಎಂದರಂತೆ. ಭಾಗ್ಯ ಬಂದು ನನ್ನ ಕಾಲ ಹತ್ತಿರ ಕೂತು ಅತ್ತಳು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಸುಳ್ಳು ಯಾಕೆ ಹೇಳಲಿ, ಅವಳು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದೆ.

ತೇಜು ಲ್ಯಾಬಿನಲ್ಲಿ ಕಲಿತದ್ದು ನನ್ನ ಪ್ರಾಣಕ್ಕೆ ಒದಗುವುದಿಲ್ಲ. ಅವಳು ಮುಂದೆ ಏನು ಓದಿದರೂ ನನಗೆ ಒದಗುವುದಿಲ್ಲ. ಅವಳಿಗೂ ಗೊತ್ತು. ಆ ಬೇಸಿಗೆ ಅವಳನ್ನು ಹತ್ತಿರ ಇಟ್ಟುಕೊಂಡಿದ್ದರೆ ನನಗೆ ಅಷ್ಟು ಸಂಜೆಗಳು ಸಿಗುತ್ತಿದ್ದವು. ಅದರ ದುಃಖ ಇದೆ. ಕಳಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಎರಡೂ ನಿಜ.

ನಿನ್ನೆ ಬೆಳಿಗ್ಗೆ ತೇಜು ಮಂಚದ ಅಂಚಿನಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

“ಕೈ ಎತ್ತು,” ಎಂದೆ.

“ಯಾಕವ್ವಾ?”

“ಎತ್ತೇ.”

ಎತ್ತಿದಳು. ಅವಳ ಕಂಕುಳಲ್ಲಿ ನನ್ನ ಎಡಗೈಯ ಮೂರು ಬೆರಳು ಚಪ್ಪಟೆಯಾಗಿಟ್ಟು, ಅವಳೇ ಕಲಿಸಿದ ಹಾಗೆ ಸುತ್ತಿಸಿದೆ. ಕೂಸಾಗಿದ್ದಾಗ ನೀರೆರೆಯುವ ಹೊತ್ತಿನಲ್ಲಿ ಅಲ್ಲಿ ಕೈ ತಾಗಿದರೆ ಬಿಕ್ಕಳಿಕೆ ಬರುವಷ್ಟು ನಗುತ್ತಿದ್ದಳು. ಈಗಲೂ ಕಚಗುಳಿಯಾಗಿ ಮುದುಡಿಕೊಂಡು ನಕ್ಕಳು. ಅಲ್ಲಾಡಬೇಡ ಎಂದು ಗದರಿದೆ. ನಿಧಾನವಾಗಿ, ಎರಡೂ ಕಡೆ ನೋಡಿದೆ.

“ಏನೂ ಇಲ್ಲ,” ಎಂದೆ. “ತಿಂಗಳಿಗೊಂದ್ಸಲ ನೋಡ್ಕೋಬೇಕು.”

ಅವಳ ನಗು ನಿಂತಿತ್ತು. ನನ್ನ ಕೈಯನ್ನು ಅಲ್ಲೇ ತೋಳಿನಲ್ಲಿ ಅದುಮಿ ಹಿಡಿದುಕೊಂಡಳು.

“ತಿಂಗಳಾ ತಿಂಗಳಾ ನೀನೇ ನೋಡು.”

“ಈ ತಿಂಗಳಿಂದು ಆಯ್ತಲ್ಲ,” ಎಂದೆ.