ಬ್ಯಾರನ್ ಮನೆತನದ ಹಿಡಿಕೆ

"ಅದನ್ನ ಮುಟ್ಟಬೇಡ. ಅದು ಬ್ಯಾರನ್ ಮನೆತನದ ಜಾಗ!"

ಪಕ್ಕದ ಮನೆಯ ಇಟಾಲಿಯನ್ ಅಜ್ಜ ನನ್ನ ಮಣಿಕಟ್ಟು ಹಿಡಿದುಬಿಟ್ಟರು. ನಾವೆಲ್ಲ ವಲಸೆ ಬಂದು ನೆಲೆಸಿದ ರಿಚ್ಮಂಡ್ ಹಿಲ್‌ನ ಚರ್ಚೊಂದರ ಪಾರ್ಕಿಂಗ್ ಲಾಟಿನಲ್ಲಿ ಅವರ ಹುಟ್ಟೂರಿನ ಸಂತನ ಮೆರವಣಿಗೆ ಹೊರಟಿತ್ತು. ಮೂರ್ತಿ ಇಟ್ಟ ಗಾಲಿಬಂಡಿಗೆ ಮುಂದೆ ಒಂದು, ಹಿಂದೆ ಮೂರು ಹಿಡಿಕೆ; ಹಿಡಿದವರು ಅಜ್ಜನೂ ಸೇರಿ ಮೂವರೇ ಮುದುಕರು. ಸಹಾಯವಾಗಲಿ ಎಂದು ಮುಂದಿನ ಖಾಲಿ ಹಿಡಿಕೆಗೆ ಕೈ ಹಾಕಿದ್ದೆ.

"ಆ ಬ್ಯಾರನ್ ಎಲ್ಲಿ?" ಎಂದೆ.

"ವಂಶವೇ ಮುಗೀತು, ಅರಮನೆಯೂ ಬಿತ್ತು. ನಾವು ಅವರ ಹೊಲದಲ್ಲಿ ದುಡಿದವರು, ನಮ್ಮ ಜಾಗ ಹಿಂದೆ" ಎಂದು ಅಜ್ಜ ತಮ್ಮ ಹಿಡಿಕೆಗೆ ಮರಳಿದರು.

ಸಮುದ್ರ ದಾಟಿ ಬಂದರೂ ಇದೆಂಥ ಗುಲಾಮಗಿರಿ ಎಂದು ಮನೆಯಲ್ಲಿ ರೇಗಾಡಿದೆ. ಧಾರವಾಡ ಕಡೆಯ ನನ್ನ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮೂರಾಗೂ ಪಲ್ಲಕ್ಕಿ ಮುಂದ ದೇಸಾಯರ ಜಾಗಾದಾಗ ಯಾರೂ ನಿಲ್ಲಂಗಿಲ್ರಿ. ವಾಡೆ ಬಿದ್ದು ಹೋತು, ಜಾಗಾ ಹಂಗ ಐತಿ."

ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಈ ಸಲದ ಮೆರವಣಿಗೆಯಲ್ಲಿ ಅವರ ಹಿಡಿಕೆ ಹಿಡಿಯಲು ಉಳಿದ ಮುದುಕರು ನನ್ನನ್ನೇ ಕರೆದರು. ಹೊರಡುವಾಗ ಹೊಸಬರೊಬ್ಬರು ಮುಂದಿನ ಖಾಲಿ ಹಿಡಿಕೆಗೆ ಕೈ ಚಾಚಿದರು. "ಮುಟ್ಟಬೇಡಿ, ಅದು ಬ್ಯಾರನ್ ಜಾಗ" ಎಂದು ತಡೆದವನು ನಾನೇ.