ಒಂದೇ ತೂಕದ ಏಟು

ಮಗಳ ಮೊದಲ ಸಂದರ್ಶನ ಕೆಟ್ಟದ್ದು ನನ್ನಿಂದ. ಅವಳು ಹಾಗೆ ಹೇಳಲಿಲ್ಲ, ನಾನೇ ಹೇಳುತ್ತೇನೆ.

ಕೊಲ್ಲಿ ದೇಶದ ಈ ಅಲ್ ಮನ್ಸೂರಾದ ಎರಡು ಕೋಣೆಯ ಮನೆಯಲ್ಲಿ ನಾವು ಮೂವರು: ನಾನು, ನರ್ಸ್ ಆಗಿರುವ ಮಗಳು, ಅವಳ ಒಂಬತ್ತು ವರ್ಷದ ಹುಡುಗಿ. ಅಳಿಯ ಸತ್ತ ಮೇಲೆ ಮನೆ ನಿಂತದ್ದು ಮಗಳ ಕೆಲಸದ ಮೇಲೆ. ಕ್ಲಿನಿಕ್ಕಿನವರು ಈ ಸಲ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ನಾರ್ವೆಯ ಒಂದು ವೃದ್ಧಾಶ್ರಮ ಕರೆಯಿತು, ಆದರೆ ಅವರ ಭಾಷೆಯಲ್ಲಿ ಮಾತಾಡಿ ತೋರಿಸಬೇಕು. ಇಲ್ಲಿಯ ವೀಸಾ ಮುಗಿಯುವುದರೊಳಗೆ ಅದಾಗದಿದ್ದರೆ ಮಗುವಿನ ಶಾಲೆ ಬಿಡಿಸಿ ಊರಿಗೆ ಹೋಗುವುದೊಂದೇ ದಾರಿ.

ಆ ಭಾಷೆಯಲ್ಲಿ ಎರಡು ಮಾತು ಬೆಸೆದು ಒಂದು ಮಾಡುತ್ತಾರೆ. ರೋಗಿಗೆ 'ಸ್ಯೂಕೆ', ನೋಡಿಕೊಳ್ಳುವವರಿಗೆ 'ಪ್ಲೆಯೆರ್', ಸೇರಿದರೆ ನರ್ಸ್. ನಾನು ಓದಿದ್ದು ಮೂರನೆಯ ಕ್ಲಾಸು. ಆದರೂ ಮಗಳು ಕಾಗದ ಹಿಡಿದು ತಡವರಿಸುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಹುಡುಗಿಯಾಗಿದ್ದಾಗ ನಾನೂ ಅಕ್ಕನೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಅವಲಕ್ಕಿ ಕುಟ್ಟಿದವರು. ಏಟು ಸಮ ಬೀಳಬೇಕು. ಒಬ್ಬಳದು ಜೋರಾದರೆ ಇನ್ನೊಬ್ಬಳ ಲಯ ತಪ್ಪುತ್ತದೆ. ಅದೇ ಅಳತೆಯಲ್ಲಿ ಮೇಜಿಗೆ ಬಡಿದೆ.

"ಸ್ಯೂ, ಕೆಪ್, ಲೆ, ಯೆರ್. ಸಮ ಹೇಳು ಮಾರಾಯ್ತಿ!"

"ಅಜ್ಜಿ, ನೀವಿಬ್ರೂ ಸೇಮ್ ವಾಷಿಂಗ್ ಮೆಷಿನ್," ಎಂದಳು ಮೊಮ್ಮಗಳು.

"ಯಲ್ಲಾ, ಬೇಗ ನಿನ್ನ ಹೋಮ್‌ವರ್ಕ್ ಮಾಡು."

ಮೂರು ವಾರ ಹಾಗೇ ಬಡಿದೆ. ಸಂದರ್ಶನದ ದಿನ ಕಂಪ್ಯೂಟರ್ ಪರದೆಯ ಮೇಲಿನ ಹೆಂಗಸು ಪ್ರತಿ ಮಾತಿಗೂ ಮಗಳನ್ನು ನಿಲ್ಲಿಸಿದಳು.

"ಬೆಸೆದಲ್ಲೇ ಬಿಡಿಸ್ಬೇಕಂತೆ ಅಮ್ಮ," ಎಂದಳು ಮಗಳು ಆಮೇಲೆ. "ಸ್ಯೂಕೆ, ಪ್ಲೆಯೆರ್. ಮೊದಲಿನದಕ್ಕೆ ಪೂರಾ ಭಾರ, ಎರಡನೆಯದಕ್ಕೆ ಸ್ವಲ್ಪ ಕಡಿಮೆ. ನಾನು ಎಲ್ಲ ಒಂದೇ ತೂಕದಲ್ಲಿ ಹೇಳ್ತೇನಂತೆ. ಅವರಿಗೆ ಎಂಥದೂ ಗೊತ್ತಾಗುದಿಲ್ಲಂತೆ."

"ಹಾಗಾದ್ರೆ ಖಲಾಸಾ?"

"ಇನ್ನೊಂದು ಸಲ ಉಂಟು. ಮುಂದಿನ ವಾರ."

"ತಪ್ಪು ನನ್ನದು. ಇನ್ನು ನಾನು ಬಾಯಿ ಬಿಡುದಿಲ್ಲ."

"ಬಾಯಿ ಅಲ್ಲಮ್ಮ, ಕೈ ಕಟ್ಟಿಕೊಳ್ಳಿ ಸಾಕು."

ಆ ವಾರ ಅವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಳು, ನನಗೆ ಕೇಳಬಾರದೆಂದು. ಬೇಸರವಾಯಿತು. ಆಗಲಿ, ಬೇಸರದಿಂದ ಯಾರೂ ಸಾಯುವುದಿಲ್ಲ.

ಎರಡನೆಯ ಸಂದರ್ಶನಕ್ಕೆ ನಾನು ಅಡುಗೆಮನೆಯಲ್ಲಿ ಕೂತಿದ್ದೆ. ಬಾಗಿಲಾಚೆ ಅವಳ ದನಿ ಮೊದಲು ಭಾರವಾಗಿ ಬೀಳುತ್ತಿತ್ತು, ಮತ್ತೆ ಹಗುರವಾಗಿ. ಒಂದು ಮಾತನ್ನು ನನ್ನ ಹಾಗೆ ಕುಟ್ಟಿಬಿಟ್ಟಳು. ತಾನೇ ನಿಲ್ಲಿಸಿದಳು. ಅವರ ಹಾಗೆ ಇನ್ನೊಮ್ಮೆ ಹೇಳಿದಳು. ಆ ಹೆಂಗಸು ತಡೆಯಲಿಲ್ಲ. ಆಮೇಲೆ ಬಹಳ ಹೊತ್ತು ಯಾರೂ ಅವಳನ್ನು ತಡೆಯಲಿಲ್ಲ.

ಹೊರಗೆ ಬಂದು, "ತಗೊಂಡ್ರು ಅಮ್ಮ," ಎಂದಳು. ನೆಲದ ಮೇಲೆಯೇ ಕೂತು ಅತ್ತಳು. ಗಂಡ ಸತ್ತಾಗಲೂ ನನ್ನೆದುರು ಅತ್ತವಳಲ್ಲ.

ನಾನು ಸಾರು ಬಿಸಿಗಿಟ್ಟೆ.